ಬಲಕ್ಕೆ ಸರಿದ ಬೆಳಕು

ಈ ಕಂತನ್ನು ಹೇಳಲು ಹೊರಟದ್ದಕ್ಕೆ ಓದುಗರು ಮೊದಲೇ ಮನ್ನಿಸಬೇಕು. ಫಿರಂಗಿಯ ಸದ್ದಿಗೆ ಮಕ್ಕಳ ಕಿವಿ ಮುಚ್ಚಿ ಮಂಚದ ಕೆಳಗೆ ಕೂತವರು ನಿಮ್ಮಲ್ಲೇ ಇರಬಹುದು. ಅಂಥವರ ಮುಂದೆ ಗುಂಡಿನ ಕಥೆ ಹೇಳುವುದು ಅಧಿಕಪ್ರಸಂಗವೇ ಸರಿ. ಎಲ್ಲಾದರೂ ತಪ್ಪಿದ್ದರೆ ಅದು ಹೇಳಿದವರ ತಪ್ಪು, ಸತ್ತವನದಲ್ಲ.

"ಕುರ್ಚಿ ಇಲ್ಲ," ಎಂದಳು ಬೇಕರಿಯವನ ಹೆಂಡತಿ. "ಇರೋದು ಅದೊಂದೇ. ನನ್ನ ಮೈದುನ ಕೂರ್ತಿದ್ದದ್ದು. ಅವನು ಮನೆಗೆ ಬರೋ ತನಕ ಅದರಲ್ಲಿ ಯಾರೂ ಕೂರೋ ಹಾಗಿಲ್ಲ."

"ಪರವಾಗಿಲ್ಲಮ್ಮ, ನಿಂತೇ ಇರ್ತೀನಿ."

"ನಿಂತ್ಕೊಳ್ಳಿ. ಇನ್ನು ಹಿಡ್ಕೊಂಡು ಹೋಗೋಕೆ ಈ ಮನೇಲಿ ಗಂಡಸರು ಯಾರೂ ಉಳಿದಿಲ್ಲ. ಅತ್ತೆ ಇದಾರೆ, ನಾನಿದೀನಿ. ಯಾರಿಗೆ ಬೇಡಿ ತಂದಿದೀರಿ?"

ನಿಧಾನಪ್ಪ ಟೋಪಿ ತೆಗೆದು ಕಂಕುಳಿಗೆ ಸೇರಿಸಿದ. ನಿಧಾನಪ್ಪ ಎಂಬುದು ಸ್ಟೇಷನ್ನಿನವರು ಇಟ್ಟ ಹೆಸರು. ಯಾವ ಕೇಸಿನಲ್ಲೂ ಅವಸರಪಡದ ತನಿಖಾಧಿಕಾರಿ ಎಂದು ಮೆಚ್ಚಿ ಯಾರೋ ಕರೆದದ್ದು, ಬರಬರುತ್ತಾ ಗೇಲಿಯಾಗಿ ಊರಿಗೆಲ್ಲ ಹರಡಿತ್ತು. ಅವನು ಜೀವಮಾನದಲ್ಲಿ ಅವಸರ ಮಾಡಿದ್ದು ಈ ಒಂದೇ ಕೇಸಿನಲ್ಲಿ. ಗುಂಡಿನ ಕಾಳಗ ನಡೆದ ರಾತ್ರಿ ಬೇಕರಿಯವನು ಹಿಟ್ಟು ನಾದುವ ತೊಟ್ಟಿಯ ಪಕ್ಕ ತಲೆ ಒಡೆದು ಸತ್ತಿದ್ದ. ಸ್ಫೋಟದ ಗುರುತೇ ಇರಲಿಲ್ಲವಾದ್ದರಿಂದ ಇದು ಕೊಲೆ ಎಂದು ತೀರ್ಮಾನಿಸಿ, ಒಲೆಯ ವಿಚಾರಕ್ಕೆ ಅಣ್ಣನ ಜತೆ ಕಿತ್ತಾಡಿದ್ದ ತಮ್ಮನನ್ನು ನಿಧಾನಪ್ಪ ಹಿಡಿದು ಹಾಕಿದ್ದ.

ಜೀಪಿನಲ್ಲಿ ಕೂರಿಸಿಕೊಂಡು ಹೋಗಬಹುದಿತ್ತು. ನಾಲ್ಕು ಜನ ನೋಡಲಿ ಎಂದು ಪೇಟೆ ಬೀದಿಯಲ್ಲಿ ನಡೆಸಿಕೊಂಡು ಹೋಗಿದ್ದ. ಹುಡುಗನ ಕೈಗೆ ಮೆತ್ತಿದ ಹಿಟ್ಟು ಬೇಡಿಗೂ ಮೆತ್ತಿತ್ತು. ಯಾರೋ ನಕ್ಕಿದ್ದರು. ನಾಳೆ ಬೆಳಗ್ಗೆ ವ್ಯಾನು ಬರುತ್ತದೆ. ಅವನನ್ನು ದೊಡ್ಡ ಜೈಲಿಗೆ ಸಾಗಿಸುತ್ತದೆ. ಒಮ್ಮೆ ಅಲ್ಲಿಗೆ ಹೋದವನನ್ನು ವಾಪಸು ತರುವುದು ನಿಧಾನಪ್ಪನ ಕೈಯಲ್ಲಿಲ್ಲ.

ನಿಧಾನಪ್ಪನನ್ನು ಬೇಕರಿಗೆ ಮತ್ತೆ ಎಳೆದು ತಂದದ್ದು ಹೆಣ ಕೊಯ್ದ ಡಾಕ್ಟರು ಇವತ್ತು ಬೆಳಗ್ಗೆ ಕೈ ತೊಳೆಯುತ್ತಾ ಆಡಿದ ಮಾತು. "ಪೆಟ್ಟು ನೇರ ಮೇಲಿಂದ ಬಿದ್ದಿದೆ ಕಣ್ರೀ. ತಲೆ ಒಡೆದು, ಕತ್ತು ಕುಸಿದು, ಭುಜದ ಮೂಳೆ ಮುರಿದಿದೆ. ತಮ್ಮ ಕುಳ್ಳ ಅಂತೀರಿ. ಅಟ್ಟ ಹತ್ತಿ ಹೊಡೆದ್ನಾ? ಮತ್ತೆ ಕೂದಲಲ್ಲಿ ಹಸಿರು ಬಣ್ಣದ ಚಕ್ಕೆ ಒಂದಿತ್ತು. ನಿಮ್ಮೋರಿಗೆ ಅವತ್ತೇ ಹೇಳಿದ್ನಲ್ಲ."

ನಿಧಾನಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅವನು ತಲೆ ಎತ್ತಿ ಚಾವಣಿ ನೋಡಿದ. ತಗಡಿನ ಚಾವಣಿ. ಹಿಂದಿನ ಕಾಳಗಗಳಲ್ಲಿ ಚೂರು ಹಾರಿ ತೂತಾದ ಕಡೆಯಲ್ಲೆಲ್ಲ ಡಾಂಬರು ಮೆತ್ತಿದ್ದರು. ಒಂದು ಕಡೆ ಮಾತ್ರ ಬಿಸ್ಕತ್ತಿನ ಡಬ್ಬದ ಮುಚ್ಚಳಗಳನ್ನು ಒಳಗಡೆಯಿಂದ ಮೊಳೆ ಹೊಡೆದು ಕೂರಿಸಿದ್ದರು. ಅವುಗಳ ಅಂಚಿನಲ್ಲಿ ಹಗಲು ಇಣುಕುತ್ತಿತ್ತು. ನೇರ ಕೆಳಗೆ ನಾದುವ ತೊಟ್ಟಿ. ತೊಟ್ಟಿಯ ಪಕ್ಕ ಹಿಟ್ಟಿನ ಮೂಟೆಗಳು.

"ಈ ಮೂಟೆ ಸ್ವಲ್ಪ ಸರಿಸ್ಲಾ?"

"ನಿಮ್ಮನ್ನ ತಡೆಯೋರು ಯಾರು?"

ಮೂಟೆ ಸರಿಸಿದ. ಕೆಳಗಿನ ಕಲ್ಲುಚಪ್ಪಡಿ ಜೇಡರ ಬಲೆಯ ಹಾಗೆ ಸೀಳಿತ್ತು. ನಡುವೆ ಒಂದು ಗುಂಡಿ. ಅಣ್ಣತಮ್ಮಂದಿರ ಹೊಡೆದಾಟದಲ್ಲಿ ಒಡೆದದ್ದು ಎಂದು ಅವತ್ತು ಅವನೇ ಹೇಳಿದ್ದ. ಇಬ್ಬರು ಬೇಕರಿಯವರು ಎಷ್ಟು ಹೊಡೆದಾಡಿದರೆ ಕಲ್ಲುಚಪ್ಪಡಿ ಸೀಳುತ್ತದೆ ಎಂಬ ಪ್ರಶ್ನೆ ಆಗ ತಲೆಗೆ ಬರಲಿಲ್ಲವಲ್ಲ ಎಂದು ಅವನ ಕಿವಿ ಬಿಸಿಯಾಯಿತು.

ಮೂಲೆಯಲ್ಲಿ ಕೂತಿದ್ದ ಮುದುಕಿ, ಸತ್ತವನ ತಾಯಿ, ಕೇಳಿದಳು: "ಯಾರೇ ಅದು? ಎತ್ತಿನ ಮಾತು ನಂಬದೇ ಹೋದವನಾ?"

"ಹೂಂ ಅತ್ತೆ. ಅವರೇ."

ನಿಧಾನಪ್ಪ ಮುದುಕಿಯ ಎದುರು ನೆಲದ ಮೇಲೆ ಕೂತ. "ಅಜ್ಜಿ, ಅವತ್ತು ಹೇಳಿದ್ದನ್ನ ಇನ್ನೊಂದು ಸಲ ಹೇಳ್ತೀರಾ?"

"ಯಾಕೆ? ನಿದ್ದೆಗಣ್ಣಲ್ಲಿ ಏನೇನೋ ಕೇಳಿಸಿರುತ್ತೆ ಅಂದ್ಯಲ್ಲ. ಈಗ ನಿನಗೆ ಎಚ್ಚರ ಆಯ್ತಾ?"

"ಆಯ್ತು ಅಜ್ಜಿ."

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕಣ್ಣಿಗೆ ಪೊರೆ ಬಂದಿದೆ, ಕಿವಿಗೆ ಬಂದಿಲ್ಲ. ಫಿರಂಗಿ ಸದ್ದು ನನಗೆ ಗೊತ್ತು. ಆಕಾಶದಲ್ಲಿ ದೀಪ ಬಿಚ್ಚಿಕೊಳ್ಳೋ ಸದ್ದೂ ಗೊತ್ತು, ಪಟಕ್ ಅನ್ನುತ್ತೆ ಅಷ್ಟೆ. ಆಮೇಲೆ ಬಂತಪ್ಪ ಇನ್ನೊಂದು ಸದ್ದು. ಎತ್ತು ಗುಟುರು ಹಾಕ್ಕೊಂಡು ಗಾಳೀಲಿ ಓಡಿ ಬಂದ ಹಾಗೆ. ಗುರ್, ಗುರ್, ಗುರ್. ಹತ್ತಿರ ಹತ್ತಿರ ಬಂತು. ತಗಡು ಹರೀತು. ದೊಡ್ಡ ಮಗ ಅಮ್ಮಾ ಅನ್ನಲೂ ಇಲ್ಲ."

"ಚಿಕ್ಕ ಮಗ?"

"ಹೊರಗೆ ಸೌದೆ ತರೋಕೆ ಹೋಗಿದ್ದ. ಅದನ್ನೂ ಹೇಳಿದ್ದೆ."

ಹೇಳಿದ್ದಳು. ನಿಧಾನಪ್ಪ ಬರೆದುಕೊಂಡೂ ಇದ್ದ. ಹೆತ್ತ ಕರುಳು ಹೀಗೇ ಹೇಳುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

"ಚಾವಣಿಗೆ ಈ ಡಬ್ಬದ ಮುಚ್ಚಳ ಹೊಡೆದದ್ದು ಯಾರಜ್ಜಿ?"

"ನಿಮ್ಮ ಕಡೆಯವನೇ ಒಬ್ಬ, ಸ್ಟೇಷನ್ನಿಂದ ಬಂದೆ ಅಂದ. ನೀನು ಬರೋದಕ್ಕೂ ಮುಂಚೆ, ಇನ್ನೂ ಮಬ್ಬು ಇರೋವಾಗಲೇ ಬಂದಿದ್ದ. ಹಿಟ್ಟಿಗೆ ಮಂಜು ಬೀಳುತ್ತೆ ಅಜ್ಜಿ, ಮುಚ್ಚಿಕೊಡ್ತೀನಿ ಅಂದ. ಏನೋ ಭಾರದ್ದು ಹೊತ್ಕೊಂಡು ಹೋದ ಹಾಗಿತ್ತು, ಏದುಸಿರು ಬಿಡ್ತಿದ್ದ. ಹೋಗೋವಾಗ ನನ್ನ ಕಾಲು ಮುಟ್ಟಿದ. ಮನೇಲಿ ಹೆಣ ಬಿದ್ದಿರೋವಾಗ ಅಷ್ಟು ಮಾಡಿದ್ನಲ್ಲ, ಪುಣ್ಯಾತ್ಮ."

ಸೊಸೆ ಆ ಹೊತ್ತಿಗೆ ಪ್ರಜ್ಞೆ ತಪ್ಪಿ ಪಕ್ಕದ ಮನೆಯಲ್ಲಿದ್ದಳು, ಚಿಕ್ಕ ಮಗ ಸ್ಟೇಷನ್ನಿಗೆ ಸುದ್ದಿ ಕೊಡಲು ಓಡಿದ್ದ. ಬಂದವನ ಮುಖ ಯಾರೂ ನೋಡಿರಲಿಲ್ಲ.

ನಿಧಾನಪ್ಪ ಎದ್ದ. ಹೊಸ್ತಿಲ ಬಳಿ ಬೇಕರಿಯವನ ಹೆಂಡತಿ ತಡೆದು ನಿಂತಳು. ಈಗ ಅವಳ ದನಿಯಲ್ಲಿ ಕುಟುಕು ಇರಲಿಲ್ಲ.

"ಸ್ವಾಮಿ, ಅವನಿಗೆ ಅಣ್ಣ ಅಂದ್ರೆ ದೇವರು. ಹೊಸ ಒಲೆ ಹಾಕ್ಸೋಣ ಅಂತ ಜಗಳ ಆಡಿದ್ದು ನಿಜ. ಅಣ್ಣನ ಕಣ್ಣು ಹೊಗೆಗೆ ಹಾಳಾಗುತ್ತೆ ಅಂತ ಆಡಿದ್ದು. ನಾಳೆ ಅವನನ್ನ ಕಳಿಸಿಬಿಟ್ರೆ..."

"ಇನ್ನೂ ನಾಳೆ ಆಗಿಲ್ಲಮ್ಮ," ಎಂದಷ್ಟೇ ಹೇಳಿದ.

ಬೇಕರಿಯ ಬೀದಿ ಇಳಿಜಾರು. ಕೆಳಗೆ ಜೀಪು ನಿಂತಿತ್ತು. ಅದರ ಕೈಬ್ರೇಕು ಎಂದೋ ಹೋಗಿತ್ತು. ನಿಲ್ಲಿಸಿದಾಗಲೆಲ್ಲ ಚಕ್ರಕ್ಕೆ ಏನಾದರೂ ಅಡ್ಡ ಕೊಡಬೇಕು. ಮೊದಲು ಒಂದು ಕಲ್ಲಿತ್ತು. ಈಚೆಗೆ ಅಳಿಯ ಗೋಣಿ ಸುತ್ತಿದ ಯಾವುದೋ ಕಬ್ಬಿಣದ ತುಂಡು ಇಟ್ಟುಕೊಂಡಿದ್ದ.

ಅಳಿಯ ಎಂದರೆ ಬರೀ ಮಗಳ ಗಂಡನಲ್ಲ, ಅದೇ ಸ್ಟೇಷನ್ನಿನ ವೈರ್‌ಲೆಸ್ ಪೇದೆ. ಈ ಕೇಸಿನಲ್ಲಿ ಮೊದಲ ದಿನದಿಂದ ಜೀಪು ಓಡಿಸುತ್ತಾ ಮಾವನ ಬೆನ್ನಿಗೆ ಇದ್ದವನು.

"ಏನಂದ್ರು ಮಾವ? ಬನ್ನು ಕೊಟ್ರಾ?"

"ಉಗಿಸಿಕೊಂಡು ಬಂದೆ. ಹೊಟ್ಟೆ ತುಂಬಿದೆ."

ಅಳಿಯ ನಕ್ಕ. ಗೋಣಿಯ ತುಂಡನ್ನು ಎತ್ತಿ ಸೀಟಿನ ಕೆಳಗೆ ತಳ್ಳಿ ಗಾಡಿ ಹೊರಡಿಸಿದ.

"ಫಿರಂಗಿಯವರ ಹತ್ರ ಹೋಗೋಣ. ಕಲ್ಲುಗಣಿಗೆ," ಎಂದ ನಿಧಾನಪ್ಪ.

ಅಳಿಯನ ಕೈ ಗೇರಿನ ಮೇಲೆ ಒಂದು ಗಳಿಗೆ ನಿಂತಿತು. "ಮಿಲಿಟರಿಯವರ ಹತ್ರ ನಮಗೇನು ಕೆಲಸ ಮಾವ? ಒಳಗೇ ಬಿಡಲ್ಲ ಅವರು."

"ಬಿಡದಿದ್ರೆ ಗೇಟಲ್ಲಿ ನಿಲ್ಲೋಣ. ನಿಂತು ಅಭ್ಯಾಸ ಆಗಿದೆ ಇವತ್ತು."

ಸೇತುವೆ ದಾಟುವಾಗ ಅಳಿಯನಿಗೆ ನೆನಪಾಯಿತು: ದರ್ಜಿ ಅಂಗಡಿಯಿಂದ ಮಗು ಪುಟ್ಟಿಯ ಫ್ರಾಕು ತರಲು ಹೆಂಡತಿ ಹೇಳಿದ್ದಳು. ನಿಧಾನಪ್ಪ ತಾನೇ ಇಳಿದು ಹೋದ.

ದರ್ಜಿ ಹೆಂಗಸು ಮಿಷನ್ನಿನ ಹಿಂದಿನಿಂದಲೇ ಕೂಗಿದಳು. "ಬನ್ನಿ ಅಣ್ಣಾ. ಫ್ರಾಕು ರೆಡಿ. ಇಸ್ತ್ರಿ ಮಾತ್ರ ಹಾಕ್ಬೇಡಿ ಅಂತ ಮಗಳಿಗೆ ಹೇಳಿ. ಪ್ಯಾರಾಚೂಟಿನ ಬಟ್ಟೆ, ಬಿಸಿ ತಾಗಿದ್ರೆ ಕರಗಿ ಹೋಗುತ್ತೆ."

ಈ ಊರಿನಲ್ಲಿ ಅದು ಹೊಸದಲ್ಲ. ರಾತ್ರಿ ಬೆಳಕು ಮಾಡಲು ಮಿಲಿಟರಿಯವರು ದೀಪದ ಗುಂಡು ಹಾರಿಸಿದ ಮರುದಿನ, ಬೆಳಕು ಆರಿ ಬಿದ್ದ ಪ್ಯಾರಾಚೂಟುಗಳನ್ನು ಹೆಂಗಸರು ಹುಡುಕಿ ತಂದು, ಸುಟ್ಟ ಹಗ್ಗ ಕತ್ತರಿಸಿ, ಬಿಳಿ ಬಟ್ಟೆಯನ್ನು ಪರದೆ, ಲಂಗ, ಮಕ್ಕಳ ಫ್ರಾಕು ಮಾಡಿಸುತ್ತಿದ್ದರು. ಪೊಲೀಸರು ಕಂಡೂ ಕಾಣದ ಹಾಗೆ ಇರುತ್ತಿದ್ದರು.

"ಬಟ್ಟೆ ಎಲ್ಲಿದು?"

"ಬೇಕರಿಯವನು ಹೋದ ರಾತ್ರೀದು. ನಿಮ್ಮ ಮಗಳೇ ಬೆಳಬೆಳಗ್ಗೆ ತಂದುಕೊಟ್ಟಳು, ಡ್ಯೂಟಿ ಮುಗಿಸಿಕೊಂಡು. ಚಪ್ಪಲಿ ತುಂಬಾ ಮರಳು. ಗುಡಿಸಿದ ಅಂಗಡೀನೆಲ್ಲ ಮರಳು ಮಾಡಿ ಹೋದ್ಲು ಮಹರಾಯ್ತಿ." ಅವಳು ದಾರ ಕಚ್ಚಿ ತುಂಡರಿಸಿದಳು. "ಅವತ್ತು ನಮಗೆ ಒಳ್ಳೆ ಸುಗ್ಗಿ. ಯಾವಾಗಲೂ ಹೊಳೆ ಮರಳಲ್ಲಿ ಹುಡುಕಿ ಹುಡುಕಿ ಸಾಯ್ಬೇಕು. ಅವತ್ತು ಅಲ್ಲಿ ಒಂದೇ ಒಂದಿಲ್ಲ. ಎಲ್ಲಾ ಶಾಲೆ ಮೈದಾನದಲ್ಲೇ ಬಿದ್ದಿತ್ತು, ಒಣಹಾಕಿದ ಹಾಗೆ." ಆಮೇಲೆ ಏನೋ ನೆನಪಾಗಿ ದನಿ ತಗ್ಗಿಸಿದಳು. "ಒಂದು ಸಾವಾದ ರಾತ್ರಿ ಸುಗ್ಗಿ ಅಂತೀನಲ್ಲ. ನನ್ನ ನಾಲಿಗೆಗೆ ಬೆಂಕಿ ಬೀಳ."

ನಿಧಾನಪ್ಪ ಫ್ರಾಕನ್ನು ಎದೆಗೊತ್ತಿಕೊಂಡು ಜೀಪಿಗೆ ಬಂದ. ಬಟ್ಟೆ ಹಗುರವಾಗಿತ್ತು, ಹಿಡಿದರೆ ಜಾರುತ್ತಿತ್ತು.

ಕಲ್ಲುಗಣಿ ಊರ ಹೊರಗೆ. ಕಲ್ಲು ತೆಗೆದು ತೆಗೆದು ಆದ ದೊಡ್ಡ ಹಳ್ಳದೊಳಗೆ ಫಿರಂಗಿಗಳು ಬಲೆ ಹೊದ್ದು ಮೂತಿ ಎತ್ತಿ ನಿಂತಿದ್ದವು. ಯಾರೋ ಒಂದರ ಕೊಳವೆಯ ಮೇಲೆ ಬನಿಯನ್ನು ಒಣಹಾಕಿದ್ದರು. ಮೇಜರ್ ಕೂತಿದ್ದದ್ದು ಗಣಿಯ ಹಳೆ ಆಫೀಸಿನಲ್ಲಿ. ನಿದ್ದೆಗೆಟ್ಟ ಕಣ್ಣಿನ, ಮೆಲು ಮಾತಿನ ಮನುಷ್ಯ. ಟೀ ತರಿಸಿದ.

"ಕೊಲೆ ಕೇಸು ಅಂತ ಕೇಳಿದ್ದೆ. ತಮ್ಮನನ್ನ ಹಿಡಿದ್ರಂತಲ್ಲ."

"ಹಿಡಿದೆ ಸಾರ್. ಈಗ ಬಿಡೋಕೆ ದಾರಿ ಹುಡುಕ್ತಿದೀನಿ. ದೀಪದ ಗುಂಡು ಹೇಗೆ ಕೆಲಸ ಮಾಡುತ್ತೆ, ನನಗೆ ಅರ್ಥ ಆಗೋ ಹಾಗೆ ಹೇಳಿ."

ಮೇಜರ್ ನಕ್ಕ. "ದೀಪದ ಗುಂಡು ಯಾರನ್ನೂ ಕೊಲ್ಲಲ್ಲ. ಅದೊಂದು ದೀಪ ಅಷ್ಟೆ." ಟೀ ಕುಡಿದು ಬರಿದಾದ ಲೋಟವನ್ನು ಎತ್ತಿ, ಜೇಬಿನ ಕರವಸ್ತ್ರವನ್ನು ಅದರೊಳಗೆ ತುರುಕಿದ. "ಇದು ಗುಂಡು ಅಂದ್ಕೊಳ್ಳಿ. ಒಳಗೆ ಸಿಡಿಯೋ ಮದ್ದಿಲ್ಲ. ದೊಡ್ಡ ಮೇಣದಬತ್ತಿ ಥರ ಉರಿಯೋ ಡಬ್ಬಿ, ಅದಕ್ಕೆ ಕಟ್ಟಿದ ಪ್ಯಾರಾಚೂಟು. ಮೂತೀಲಿ ಗಡಿಯಾರದ ಹಾಗೆ ಹೊತ್ತು ಇಡೋ ಒಂದು ಫ್ಯೂಸು. ಹಾರಿಸ್ತೀವಿ. ನಾವು ಇಟ್ಟ ಹೊತ್ತಿಗೆ, ಆಕಾಶದಲ್ಲಿ, ಇದರ ಬುಡ ಕಳಚಿಕೊಳ್ಳುತ್ತೆ. ಡಬ್ಬಿ ಹಿಂದಿನಿಂದ ಆಚೆಗೆ ಬರುತ್ತೆ."

ಲೋಟವನ್ನು ಗಾಳಿಯಲ್ಲಿ ಸಾಗಿಸುತ್ತಾ ಕರವಸ್ತ್ರವನ್ನು ಎಳೆದು ಬಿಟ್ಟ. ಅದು ಮೆಲ್ಲಗೆ ಮೇಜಿನ ಮೇಲೆ ಬಿತ್ತು.

"ಪ್ಯಾರಾಚೂಟು ಬಿಚ್ಚುತ್ತೆ, ದೀಪ ತೇಲುತ್ತಾ ಇಳಿಯುತ್ತೆ. ಅದು ಉರಿಯೋ ಅಷ್ಟು ಹೊತ್ತು ನೆಲದ ಮೇಲೆ ಇಲಿ ಓಡಿದ್ರೂ ಕಾಣುತ್ತೆ. ಅಷ್ಟೇ ಕಥೆ."

ನಿಧಾನಪ್ಪ ಕರವಸ್ತ್ರ ನೋಡಲಿಲ್ಲ. ಮೇಜರನ ಕೈಯನ್ನೇ ನೋಡುತ್ತಿದ್ದ.

"ಸಾರ್, ಲೋಟ?"

"ಏನು?"

"ಆ ಲೋಟ ಎಲ್ಲಿಗೆ ಹೋಯ್ತು? ಕರವಸ್ತ್ರ ಇಳೀತು, ಸರಿ. ಖಾಲಿ ಲೋಟಕ್ಕೆ ಪ್ಯಾರಾಚೂಟು ಇಲ್ವಲ್ಲ."

ಮೇಜರನ ಕೈ ಗಾಳಿಯಲ್ಲೇ ನಿಂತಿತು. ಲೋಟವನ್ನು ಮೇಜಿನ ಮೇಲಿಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಅದು... ಬಂದ ದಾರೀಲೇ ಮುಂದೆ ಹೋಗುತ್ತೆ. ಉರುಳಾಡ್ಕೊಂಡು. ಮುಂದೆ ಎಲ್ಲೋ ಬೀಳುತ್ತೆ."

"ಉರುಳಾಡುವಾಗ ಸದ್ದು ಬರುತ್ತಾ? ಎತ್ತು ಗುಟುರು ಹಾಕಿದ ಹಾಗೆ?"

"ಯಾರು ಹೇಳಿದ್ರು ನಿಮಗೆ?"

"ಒಬ್ಬ ತಾಯಿ. ನಾನು ನಂಬಿರ್ಲಿಲ್ಲ. ಅದರ ಬಣ್ಣ ಹಸಿರಾ ಸಾರ್?"

ಮೇಜರ್ ತಲೆಯಾಡಿಸಿದ. ಎದ್ದು ಗೋಡೆಯ ನಕ್ಷೆಯ ಹತ್ತಿರ ಹೋದ. ಈಗ ಅವನ ದನಿ ಇನ್ನೂ ತಗ್ಗಿತ್ತು.

"ನಾವು ಅದನ್ನ ಲೆಕ್ಕ ಹಾಕಿಯೇ ಹಾರಿಸೋದು. ನೋಡಿ. ಇಲ್ಲಿ ನಾವು. ಇಲ್ಲಿ ಹೊಳೆ. ಗಡಿ ಆಚೆಯವರು ಕತ್ತಲಲ್ಲಿ ಹೊಳೆಗುಂಟ ನುಸುಳಿ ಬರೋದು ಈ ಮರಳಿನ ಮೇಲೆ, ಅದಕ್ಕೇ ದೀಪ ಇದರ ಮೇಲೆ ಬಿಚ್ಚಬೇಕು. ಬಿಚ್ಚಿದ್ರೆ ಖಾಲಿ ಕೊಳವೆ ಹೊಳೆ ದಾಟಿ ಇಟ್ಟಿಗೆ ಗೂಡಿನ ಬಯಲಲ್ಲಿ ಬೀಳುತ್ತೆ. ಅಲ್ಲಿ ರಾತ್ರಿ ನರಪಿಳ್ಳೆ ಇರಲ್ಲ. ಅದನ್ನ ನೋಡೇ ಈ ಜಾಗ ಆರಿಸಿದ್ದು."

"ಬೇಕರಿ ಬೀದಿ ಎಲ್ಲಿದೆ ಇದರಲ್ಲಿ?"

ಮೇಜರನ ಬೆರಳು ಇಟ್ಟಿಗೆ ಗೂಡಿನಿಂದ ಬಲಕ್ಕೆ ಸರಿದು ನಿಂತಿತು. ಅದರ ಈಚೆಗೆ, ಹೊಳೆಯ ದಡದಲ್ಲಿ, ಶಾಲೆಯ ಮೈದಾನ.

"ದೀಪ ಬಲಕ್ಕೆ ಹೋದ್ರೆ ಕೊಳವೇನೂ ಬಲಕ್ಕೆ ಹೋಗುತ್ತೆ, ಅಲ್ವಾ ಸಾರ್?"

"ಹೋಗುತ್ತೆ."

"ಹೋಯ್ತಾ?"

ಮೇಜರ್ ಕೂತ. "ನೀರಿನ ಟ್ಯಾಂಕಿನ ಮೇಲೆ ನೋಡೋಕೆ ಒಬ್ಬ ಇರ್ತಾನೆ. ದೀಪ ಎಲ್ಲಿ ಬಿಚ್ಚಿತು ನೋಡಿ, ಸರಿಸಿ ಅಂತ ವೈರ್‌ಲೆಸ್ಸಲ್ಲಿ ಹೇಳ್ತಾನೆ. ಅವತ್ತು ಮೊದಲನೇದು ಸರಿಯಾಗೇ ಬಿಚ್ಚಿ, ಆರಿ ಹೊಳೆ ನೀರಿಗೆ ಬಿತ್ತು ಅಂತ ನಮ್ಮ ಲೆಕ್ಕ. ಆದ್ರೆ ಅವನು ಬಲಕ್ಕೆ ಅಂದ. ಸರಿಸಿದ್ವಿ. ಮತ್ತೆ ಬಲಕ್ಕೆ ಅಂದ. ಸರಿಸಿದ್ವಿ. ಗಾಳಿ ದೀಪಾನ ಎಡಕ್ಕೆ ತಳ್ತಿರಬೇಕು, ಅದಕ್ಕೇ ಗಾಳಿಗೆ ಎದುರಾಗಿ ಬಿಚ್ಚೋಕೆ ಹೇಳ್ತಿದಾನೆ ಅಂದ್ಕೊಂಡೆ. ಗಾಳಿ ದೀಪಾನ ತಳ್ಳುತ್ತೆ. ಕಬ್ಬಿಣಾನ ಅಷ್ಟು ತಳ್ಳಲ್ಲ. ಪ್ರತಿ ಸಲ ಸರಿಸಿದಾಗಲೂ ಕೊಳವೆ ಎಲ್ಲಿ ಬೀಳುತ್ತೆ ಅಂತ ನಕ್ಷೆ ಮೇಲೆ ಮತ್ತೆ ನೋಡಬೇಕು. ನಿಯಮ ಅದು." ಅವನು ಕಣ್ಣುಜ್ಜಿಕೊಂಡ. "ನಾನು ನೋಡ್ಲಿಲ್ಲ. ಎಲ್ಲರೂ ಬೆಳಕನ್ನೇ ನೋಡ್ತಿದ್ವಿ."

ನಾಚಿಕೆ ಎಂಬುದು ಒಬ್ಬನ ಮುಖದಿಂದ ಇನ್ನೊಬ್ಬನ ಮುಖಕ್ಕೆ ಹತ್ತುತ್ತದೆ. ನಿಧಾನಪ್ಪನಿಗೆ ತನ್ನ ಆ ರಾತ್ರಿ ನೆನಪಾಯಿತು. ಮಗಳು ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ ಎಂದು ಹೋಗಿದ್ದಳು. ಅಳಿಯ ವೈರ್‌ಲೆಸ್ ಡ್ಯೂಟಿ ಎಂದು ಹೋಗಿದ್ದ. ಅಳುತ್ತಿದ್ದ ಮೊಮ್ಮಗಳನ್ನು ಎತ್ತಿಕೊಂಡು ಅವನು ಕಿಟಕಿಯಲ್ಲಿ ನಿಂತಿದ್ದ. ಅಗೋ ನೋಡು ಪುಟ್ಟೀ, ದೀಪ, ಎಷ್ಟು ಚೆಂದ ಎಂದು ರಮಿಸಿದ್ದ. ಮಗು ಚಪ್ಪಾಳೆ ತಟ್ಟಿತ್ತು. ಆ ಹೊತ್ತಿಗೇ ಅಲ್ಲಿ ಒಬ್ಬ ತಾಯಿ ಎತ್ತಿನ ಗುಟುರು ಕೇಳುತ್ತಿದ್ದಳು.

ಆಮೇಲೆ ಅವನಿಗೆ ಇನ್ನೊಂದು ನೆನಪಾಯಿತು. ಆ ದೀಪ ಮೊಳೆಗೆ ತಗುಲಿಹಾಕಿದ ಹಾಗೆ ನಿಂತಿತ್ತು. ಅದರ ಹೊಗೆ ನೆಟ್ಟಗೆ ಮೇಲಕ್ಕೆ ಎದ್ದಿತ್ತು.

"ಸಾರ್," ಎಂದ ಮೆಲ್ಲಗೆ. "ಗಾಳಿ ಇರ್ಲಿಲ್ಲ."

"ಏನಂದ್ರಿ?"

"ಗಾಳಿ ಎಡಕ್ಕೆ ತಳ್ಳಿದ್ರೆ ಪ್ಯಾರಾಚೂಟು ಹೊಳೆ ಮರಳಲ್ಲಿ ಬೀಳಬೇಕಿತ್ತು. ಒಂದೂ ಬೀಳ್ಲಿಲ್ಲ. ಎಲ್ಲಾ ಶಾಲೆ ಮೈದಾನದಲ್ಲಿ ಬಿದ್ದಿತ್ತು. ಬಿಚ್ಚಿದ ಕಡೇನೇ ನೆಟ್ಟಗೆ ಇಳಿದಿವೆ. ಆರಿಸಿದ ಹೆಂಗಸು ಈಗ ತಾನೇ ಹೇಳಿದ್ಲು."

ಮೇಜರ್ ನಕ್ಷೆಯನ್ನು ಮತ್ತೆ ನೋಡಿದ. ಅವನ ಮುಖದ ಬಣ್ಣ ಇಳಿಯಿತು. "ಹವಾಮಾನದವರೂ ಗಾಳಿ ಇಲ್ಲ ಅಂತಲೇ ಕಳಿಸಿದ್ರು. ಹೊಳೆ ಮೇಲೆ ಬೇರೆ ಗಾಳಿ ಇರಬಹುದು ಅಂತ ನಾನೇ... ಹಾಗಾದ್ರೆ ಅವನು ದೀಪಾನ ಮರಳಿನ ಮೇಲಕ್ಕೆ ತರ್ತಿರ್ಲಿಲ್ಲ."

"ಮರಳಿನ ಮೇಲಿಂದ ತೆಗೀತಿದ್ದ," ಎಂದ ನಿಧಾನಪ್ಪ. "ಮರಳು ಕತ್ತಲಾಗಿರಲಿ ಅಂತ. ಯಾರೋ ನಡೆದು ಹೋಗೋ ತನಕ."

ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ನಿಮ್ಮ ಆ ಸೈನಿಕ ಯಾರು ಸಾರ್?"

"ನಮ್ಮವನಲ್ಲ." ಮೇಜರ್ ತಲೆ ಅಲ್ಲಾಡಿಸಿದ. "ನಮ್ಮವನಿದ್ದಿದ್ರೆ ಬಿಳಿ ದೀಪಾನೇ ಹಾರಿಸ್ತಿರ್ಲಿಲ್ಲ. ಈಗ ಬರೀ ಕಣ್ಣಿಗೆ ಕಾಣದ ಬೆಳಕಿನ ಗುಂಡು ಬಂದಿದೆ. ಕತ್ತಲಲ್ಲಿ ನೋಡೋ ದುರ್ಬೀನು ಇದ್ದವರಿಗೆ ಮಾತ್ರ ಹಗಲು, ಮಿಕ್ಕವರಿಗೆ ಕಾರ್ಗತ್ತಲು. ಇಲ್ಲಿ ನಾವು ಹೆಚ್ಚಾಗಿ ಅದನ್ನೇ ಬಳಸೋದು. ಅವತ್ತು ಮಧ್ಯಾಹ್ನ ನಮ್ಮ ಹುಡುಗನಿಗೆ ಜ್ವರ ಬಂದು ಕೆಳಗಿಳಿಸಬೇಕಾಯ್ತು. ನಿಮ್ಮ ಸ್ಟೇಷನ್ನಿಂದ ವೈರ್‌ಲೆಸ್ ಬರೋ ಒಬ್ಬನನ್ನ ಕಳಿಸಿದ್ರು. ಅವನ ಹತ್ರ ದುರ್ಬೀನಿಲ್ಲ. ಅದಕ್ಕೇ ಬಿಳೀದು ಹಾರಿಸಿದ್ದು."

ನಿಧಾನಪ್ಪನಿಗೆ ಹೆಸರು ಕೇಳುವ ಧೈರ್ಯ ಬರಲಿಲ್ಲ. ಕೇಳದೆ ಇರುವ ಧೈರ್ಯವೂ ಬರಲಿಲ್ಲ.

"ಯಾರನ್ನ ಸಾರ್?"

ಮೇಜರ್ ಅಚ್ಚರಿಯಿಂದ ಅವನನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದ. "ಅಗೋ, ಜೀಪಿನ ಹತ್ರ ನಿಂತಿದಾನಲ್ಲ. ವಿಚಾರಣೆಗೆ ಅಂತ ನೀವೇ ಕರ್ಕೊಂಡು ಬಂದಿರಿ ಅಂದ್ಕೊಂಡಿದ್ದೆ."

ನಿಧಾನಪ್ಪ ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಗಣಿಯ ದಾರಿ ಇಳಿಜಾರು. ಜೀಪಿನ ಹಿಂಚಕ್ರಕ್ಕೆ ಗೋಣಿ ಸುತ್ತಿದ ತುಂಡು ಅಡ್ಡ ಕೊಟ್ಟಿತ್ತು.

ಹೆಣ ನೋಡಲು ಬಂದ ಆ ಬೆಳಗ್ಗೆ ಬೇಕರಿಯ ಬಾಗಿಲಲ್ಲಿ ಅಳಿಯ ಆಡಿದ ಮಾತು ಅವನ ಕಿವಿಗೆ ಈಗ ಬಡಿಯಿತು: ಸಿಡಿದ ಗುರುತಿಲ್ಲ, ಚೂರಿಲ್ಲ, ಇದು ಗುಂಡಲ್ಲ ಮಾವ. ಎಷ್ಟು ಚುರುಕು ನನ್ನ ಅಳಿಯ ಎಂದು ಹೆಮ್ಮೆಪಟ್ಟಿದ್ದ. ಆ ಹೆಮ್ಮೆಯಲ್ಲೇ ಒಬ್ಬ ಹುಡುಗನಿಗೆ ಬೇಡಿ ಹಾಕಿ ಪೇಟೆಯಲ್ಲಿ ನಡೆಸಿದ್ದ. ಡಾಕ್ಟರು ಹಸಿರು ಚಕ್ಕೆಯ ಮಾತನ್ನು ಹೇಳಿ ಕಳಿಸಿದ್ದೂ ಯಾರ ಕೈಯಲ್ಲಿ ಎಂದು ಈಗ ಕೇಳಬೇಕಾಗಿರಲಿಲ್ಲ.

ಅವನು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ.

"ಮಾವ, ಅದು ಭಾರ ಇದೆ. ನಾನೆತ್ತುತೀನಿ, ಬಿಡಿ."

ನಿಧಾನಪ್ಪ ಗೋಣಿ ಬಿಚ್ಚಿದ. ಎರಡು ಕೈಯಲ್ಲಿ ಹಿಡಿಯಬೇಕಾದಂಥ ಕಬ್ಬಿಣದ ಕೊಳವೆ. ಒಂದು ಕಡೆ ಚೂಪು ಮೂತಿ, ಇನ್ನೊಂದು ಕಡೆ ಬುಡವೇ ಇಲ್ಲ. ಹಸಿರು ಬಣ್ಣ ಒಂದು ಬದಿಯಲ್ಲಿ ಕಿತ್ತು ಹೋಗಿತ್ತು. ಆ ತುದಿಯ ಒಳಸುತ್ತಿನ ಸಂದಿಯಲ್ಲಿ ಏನೋ ಬೆಳ್ಳಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದ. ಒಣಗಿದ ಹಿಟ್ಟು.

ಚಕ್ರಕ್ಕೆ ಅಡ್ಡ ಇಲ್ಲದೆ ಜೀಪು ಮೆಲ್ಲಗೆ ಹಿಂದಕ್ಕೆ ಉರುಳಿತು. ಅಳಿಯ ಹಾರಿ ಕೂತು ಬ್ರೇಕು ತುಳಿದ. ಅವನ ಮುಖದಲ್ಲಿ ನಗು ಇರಲಿಲ್ಲ. ತಪ್ಪಿಸಿಕೊಳ್ಳುವ ಯೋಚನೆಯೂ ಇದ್ದಂತೆ ಕಾಣಲಿಲ್ಲ. ಬಹಳ ದಿನ ಹೊತ್ತದ್ದನ್ನು ಇನ್ನೊಬ್ಬರು ಕೈಗೆತ್ತಿಕೊಂಡಾಗ ಹೆಗಲು ಇಳಿಯುತ್ತದಲ್ಲ, ಹಾಗೆ ಇಳಿದಿತ್ತು.

ನಿಧಾನಪ್ಪ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತ. ಅದರ ಮೇಲೆ ಮೊಮ್ಮಗಳ ಬಿಳಿ ಫ್ರಾಕು ಜಾರಿ ಬಿತ್ತು. ಒಂದೇ ಗುಂಡಿನೊಳಗೆ ಬಂದದ್ದೋ ಏನೋ, ಎರಡೂ ಈಗ ಅವನ ಮಡಿಲಲ್ಲಿದ್ದವು.

"ಬಿಸಾಡೋಕೆ ಹೊಳೆ ಇರ್ಲಿಲ್ವೇನೋ?"

"ಎರಡು ಸಲ ಸೇತುವೆ ಮೇಲೆ ನಿಲ್ಸಿದ್ದೆ ಮಾವ. ಕೈ ಬರ್ಲಿಲ್ಲ."

"ಆ ಮುದುಕಿ ಕಾಲು ಮುಟ್ಟಿದ್ಯಂತೆ. ಪುಣ್ಯಾತ್ಮ ಅಂತಾಳೆ ನಿನ್ನ."

ಅಳಿಯ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟ. "ಕೊಳವೆ ಬೀಳುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಆಣೆ ಮಾಡಿ ಹೇಳ್ತೀನಿ. ಬೆಳಕು ಪಕ್ಕಕ್ಕೆ ಹೋದ್ರೆ ಸಾಕು ಅಂತಿದ್ದೆ. ಬೆಳಗಿನ ಜಾವ ಸಾವಿನ ಸುದ್ದಿ ಕೇಳಿದ ಮೇಲೆ ಓಡಿ ಹೋಗಿ ನೋಡಿದೆ..."

"ಆಮೇಲೆ ಇನ್ನೊಬ್ಬನ ಕೈಗೆ ಬೇಡಿ ಹಾಕ್ಸಿದೆ. ನನ್ನ ಕೈಯಿಂದ."

ನಿಧಾನಪ್ಪ ಫ್ರಾಕನ್ನು ಕೊಳವೆಯ ಮೇಲಿಂದ ಎತ್ತಿ ಮಡಿಚಿ ಪಕ್ಕಕ್ಕಿಟ್ಟ.

"ಮರಳಿನ ಮೇಲೆ ನಡೆದದ್ದು ಯಾರು? ಯಾರಿಗೋಸ್ಕರ ಕತ್ತಲು ಮಾಡಿದೆ?"

"ಅದೊಂದು ಕೇಳ್ಬೇಡಿ ಮಾವ."

"ಕೇಳೋದು ನನ್ನ ಕೆಲಸ."

ಅಳಿಯ ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. "ಹಾಗಾದ್ರೆ ನಿಮ್ಮ ಮಗಳನ್ನ ಕೇಳಿ. ಅವತ್ತು ರಾತ್ರಿ ಅವಳು ಆಸ್ಪತ್ರೇಲಿರ್ಲಿಲ್ಲ."

ಗುಡಿಸಿದ ಅಂಗಡೀನೆಲ್ಲ ಮರಳು ಮಾಡಿ ಹೋದ್ಲು, ಎಂದಿದ್ದಳು ದರ್ಜಿ. ಶಾಲೆಯ ಮೈದಾನದಲ್ಲಿ ಇರುವುದು ಕೆಮ್ಮಣ್ಣು. ಮರಳಿರುವುದು ಹೊಳೆಯಲ್ಲಿ.

ನಿಧಾನಪ್ಪ ತಲೆ ಎತ್ತಿ ನೋಡಿದ. ಗಣಿಯ ಮೇಲಿನ ಆಕಾಶ ಖಾಲಿಯಾಗಿತ್ತು.

"ಮನೆಗಾ ಮಾವ, ಸ್ಟೇಷನ್ನಿಗಾ?"

"ಸ್ಟೇಷನ್ನಿಗೆ," ಎಂದ. "ಮೊದಲು ಆ ಹುಡುಗನ ಬೀಗ ತೆಗೀಬೇಕು. ಅವನನ್ನ ನಾನೇ ಮನೆ ತನಕ ಬಿಟ್ಟು ಬರ್ತೀನಿ. ಪೇಟೆ ಬೀದಿಯಲ್ಲೇ. ನಡ್ಕೊಂಡು. ನಾಲ್ಕು ಜನ ನೋಡ್ಲಿ."

ಬೀಗ ತೆಗೆದ ಮೇಲೆ ಆ ಜಾಗದಲ್ಲಿ ಯಾರನ್ನು ಕೂರಿಸಬೇಕು ಎಂಬುದನ್ನು ಅವನೂ ಹೇಳಲಿಲ್ಲ, ಅಳಿಯನೂ ಕೇಳಲಿಲ್ಲ. ಜೀಪು ಇಳಿಜಾರಿನಲ್ಲಿ ಹೊರಟಿತು.

ಬೇಕರಿಯವನನ್ನು ಕೊಂದದ್ದು ಯಾವುದು ಎಂದು ಈಗ ಗೊತ್ತಾಗಿದೆ. ಆ ಕತ್ತಲಲ್ಲಿ ನಿಧಾನಪ್ಪನ ಮಗಳು ಮರಳಿನ ಮೇಲೆ ಯಾಕೆ ನಡೆದಳು, ಯಾರನ್ನು ಕರೆದುಕೊಂಡು ಬಂದಳು ಅಥವಾ ಯಾರನ್ನು ಕಳಿಸಿಕೊಟ್ಟಳು, ಅವಳಿಗೆ ಬೇಕರಿಯವನ ಸಾವಿನ ನಿಜ ತಿಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಹೆತ್ತ ಅಪ್ಪನಿಗೇ ಗೊತ್ತಿಲ್ಲ.